ಅಕ್ಕಿಆಲೂರಿನ ಓಣಿಗೊಂದು ಡಿಸಿ ಜಾಲ: ಶಾರ್ಟ್ ಆದರೆ ಕಡಿಯುವವರು ಯಾರು?

ಅಕ್ಕಿಆಲೂರಿನ ಸುತ್ತ ಭತ್ತದ ಗದ್ದೆ, ಗೋವಿನಜೋಳದ ಹೊಲಗಳ ನಡುವೆ ಸೋಲಾರ್ ಪಂಪ್‌ಸೆಟ್ ಈಗ ಹೊಸ ನೋಟವೇನಲ್ಲ. ಊರೊಳಗೆ ಮಾಳಿಗೆ ಮೇಲೂ ಪ್ಯಾನೆಲ್ ಕಾಣುತ್ತವೆ. ಪ್ಯಾನೆಲ್ ಕೊಡುವುದು ಡಿಸಿ. ಬ್ಯಾಟರಿ ತುಂಬಿಕೊಳ್ಳುವುದು ಡಿಸಿ. ಎಲ್‌ಇಡಿ ಬಲ್ಬು, ಮೊಬೈಲು, ಲ್ಯಾಪ್‌ಟಾಪು, ಬಿಎಲ್‌ಡಿಸಿ ಫ್ಯಾನು, ಎಲೆಕ್ಟ್ರಿಕ್ ಸ್ಕೂಟರು ಎಲ್ಲವೂ ಒಳಗೆ ತಿನ್ನುವುದು ಡಿಸಿಯನ್ನೇ. ನಡುವೆ ಮಾತ್ರ ನಾವು ಒಮ್ಮೆ ಎಸಿ ಮಾಡಿ ಮತ್ತೆ ಡಿಸಿ ಮಾಡುತ್ತೇವೆ. ಹಾಗಾದರೆ ಒಂದಿಡೀ ಓಣಿಯನ್ನೇ ಡಿಸಿ ಮಾಡಿಬಿಟ್ಟರೆ ಏನಾಗತ್ತೆ ಅನ್ನುವ ಪ್ರಶ್ನೆ ನಮ್ಮ ಎಲೆಕ್ಟ್ರಿಕಲ್ ವಿಭಾಗದ ಗುಂಪಿನಲ್ಲಿ ಎದ್ದಿತು. ಆ ಕಡೆಯ ಹುಡುಗರು ನಮ್ಮಲ್ಲಿ ಇಬ್ಬರಿದ್ದಾರೆ, ಹಾಗಾಗಿ ಓಣಿ ಅಕ್ಕಿಆಲೂರಿನದೇ ಆಯಿತು.

ಡಿಸಿ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಉಳಿತಾಯದ ಮಾತಾಡುತ್ತಾರೆ: ಪರಿವರ್ತನೆ ಕಮ್ಮಿ, ನಷ್ಟ ಕಮ್ಮಿ, ತಂತಿ ಕಮ್ಮಿ. ಎಲ್ಲಾ ಸರಿ. ಆದರೆ ಊರಲ್ಲಿ ಕೇಳುವ ಮೊದಲ ಪ್ರಶ್ನೆ ಬೇರೆ: "ಅಲ್ರೀ, ಶಾರ್ಟ್ ಆದ್ರ ಏನ್ ಮಾಡೂದು?" ಎಸಿಯಲ್ಲಾದರೆ ಉತ್ತರ ಸಿದ್ಧ ಇದೆ. ಮನೆಯಲ್ಲಿ ಎಂಸಿಬಿ ಬೀಳತ್ತೆ, ಇಲ್ಲವಾದರೆ ಟಿಸಿ ಹತ್ತಿರದ ಫ್ಯೂಸ್ ಹೋಗತ್ತೆ, ಹೆಸ್ಕಾಂ ಲೈನ್‌ಮನ್ ಬಂದು ಹಾಕುತ್ತಾರೆ. ಡಿಸಿಯಲ್ಲಿ ಈ ಉತ್ತರ ತಾನಾಗಿ ಬರುವುದಿಲ್ಲ. ಜಾಲ ಕಟ್ಟುವ ಮುಂಚೆಯೇ ಕೂತು ಯೋಚಿಸಬೇಕು. ಈ ಲೇಖನ ಆ ಯೋಚನೆಯ ಬಗ್ಗೆ. ಓಣಿ ಕಾಗದದ ಮೇಲಿನದು, ಆದರೆ ಲೆಕ್ಕ ನಿಜದ್ದು.

ಸೊನ್ನೆಗೆ ಬಾರದ ಕರೆಂಟು

ಸ್ವಿಚ್ ತೆಗೆದಾಗ ಕರೆಂಟು ತಕ್ಷಣ ನಿಲ್ಲುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಲ್ಲುವುದಿಲ್ಲ. ಎರಡು ಲೋಹದ ತುದಿಗಳು ದೂರ ಸರಿದ ಕ್ಷಣ ನಡುವಿನ ಗಾಳಿ ಕಾದು, ಬೆಂಕಿಯ ಎಳೆಯೊಂದು ಹುಟ್ಟಿ, ಕರೆಂಟು ಅದರ ಮೇಲೆ ನಡೆದು ಹೋಗುತ್ತಲೇ ಇರುತ್ತದೆ. ಇದೇ ಆರ್ಕ್. ನಮ್ಮ 50 ಹರ್ಟ್ಸ್ ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಸಲ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ, ಸೊನ್ನೆಗೆ ಬರುತ್ತದೆ. ಆ ಗಳಿಗೆಯಲ್ಲಿ ಆರ್ಕ್‌ಗೆ ಉಸಿರು ಇರುವುದಿಲ್ಲ. ಬ್ರೇಕರ್ ಮಾಡಬೇಕಾದದ್ದು ಇಷ್ಟೇ: ಆರಿದ ಆರ್ಕ್ ಮತ್ತೆ ಹೊತ್ತದಂತೆ ತುದಿಗಳನ್ನು ದೂರ ಇಡುವುದು. ಅರ್ಧ ಕೆಲಸ ಪ್ರಕೃತಿಯೇ ಮಾಡಿಕೊಡುತ್ತದೆ.

ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಅದನ್ನು ನಾವೇ ಹುಟ್ಟಿಸಬೇಕು. ಹೇಗೆ ಅಂದರೆ, ಆರ್ಕ್‌ನ ಅಡ್ಡ ಬೀಳುವ ವೋಲ್ಟೇಜು ಮೂಲದ ವೋಲ್ಟೇಜಿಗಿಂತ ಹೆಚ್ಚಾಗುವಂತೆ ಮಾಡಬೇಕು. ಆಗ ಮಾತ್ರ ಕರೆಂಟು ಇಳಿಯಲು ಶುರುವಾಗುತ್ತದೆ. ಡಿಸಿ ಎಂಸಿಬಿ ಒಳಗೆ ಲೋಹದ ತೆಳು ತಗಡುಗಳ ಸಾಲು ಇರುತ್ತದೆ. ಆರ್ಕ್ ಅದರೊಳಗೆ ತಳ್ಳಲ್ಪಟ್ಟು ತುಂಡು ತುಂಡಾಗುತ್ತದೆ, ಒಂದೊಂದು ತುಂಡೂ ಇಪ್ಪತ್ತು ಚಿಲ್ಲರೆ ವೋಲ್ಟ್ ಹಿಡಿಯುತ್ತದೆ. 380 ವೋಲ್ಟ್ ಕಡಿಯಬೇಕಾದರೆ ಹದಿನೇಳು ಹದಿನೆಂಟು ತುಂಡಾದರೂ ಬೇಕು. ಕೆಲವು ಡಿಸಿ ಎಂಸಿಬಿಗಳಲ್ಲಿ ಆರ್ಕನ್ನು ತಗಡಿನ ಕಡೆ ತಳ್ಳಲು ಶಾಶ್ವತ ಅಯಸ್ಕಾಂತ ಇಟ್ಟಿರುತ್ತಾರೆ. ಅಂಥದ್ದರಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ಆರ್ಕ್ ತಗಡಿನ ಕಡೆ ಹೋಗುವ ಬದಲು ಉಲ್ಟಾ ಕಡೆ ಹೋಗುತ್ತದೆ, ಎಂಸಿಬಿಯೇ ಹೊತ್ತಿಕೊಳ್ಳಬಹುದು. ಸೋಲಾರ್ ಪೆಟ್ಟಿಗೆಯಲ್ಲಿ "ಅದೂ ಎಂಸಿಬಿನ, ಇದೂ ಎಂಸಿಬಿನ" ಅಂತ ಮನೆಯ ಎಸಿ ಎಂಸಿಬಿ ತಂದು ಕೂರಿಸುವುದು ಎಷ್ಟು ದೊಡ್ಡ ಅಪಾಯ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ. ಪಂಪ್ ಓಡುತ್ತಿರುವಾಗ ಪ್ಯಾನೆಲ್ ಕನೆಕ್ಟರ್ ಎಳೆಯಬೇಡಿ ಅಂತ ಹೇಳುವುದೂ ಇದಕ್ಕೇ. ಕೈಯಲ್ಲಿರುವ ಕನೆಕ್ಟರ್‌ನಲ್ಲಿ ತಗಡಿನ ಸಾಲೂ ಇಲ್ಲ, ಸೊನ್ನೆಯೂ ಇಲ್ಲ.

ಒಂದು ಓಣಿಯ ಲೆಕ್ಕ

ಈಗ ಓಣಿಗೆ ಬರೋಣ. 12 ಮನೆ, ಒಂದು ಕಿರಾಣಿ ಅಂಗಡಿ, ಒಂದು ಹಿಟ್ಟಿನ ಗಿರಣಿ. ನಟ್ಟನಡುವೆ ಒಂದು ಬ್ಯಾಟರಿ ಕೋಣೆ. ಮಾಳಿಗೆಗಳ ಸೋಲಾರ್ ಎಲ್ಲಾ ಅಲ್ಲಿಗೇ ಬರುತ್ತದೆ, ಮೋಡ ಕವಿದ ದಿನಕ್ಕೆ ಹೆಸ್ಕಾಂ ಲೈನಿನಿಂದ ಒಂದು ರೆಕ್ಟಿಫೈಯರ್. ಕೋಣೆಯಿಂದ ಮೂರು ಟೊಂಗೆಗಳು ಹೊರಡುತ್ತವೆ.

ಮೊದಲ ತೀರ್ಮಾನ ವೋಲ್ಟೇಜಿನದು. 48 ವೋಲ್ಟ್ ಮುಟ್ಟಿದರೂ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಐಐಟಿ ಮದ್ರಾಸಿನ ತಂಡ ಮನೆಗಳಿಗೆ ಸೋಲಾರ್-ಡಿಸಿ ಕೊಟ್ಟಿದ್ದು 48 ವೋಲ್ಟಿನಲ್ಲೇ, ಭಾರತೀಯ ಮಾನಕ ಸಂಸ್ಥೆಯೂ 2017ರಲ್ಲಿ 48 ವೋಲ್ಟ್ ಡಿಸಿ ವಿತರಣೆಗೆ ಮಾರ್ಗಸೂಚಿ ತಂದಿದೆ. ಮನೆಯೊಳಗೆ ಅದು ಸರಿ. ಓಣಿಗೆ ಸಾಲದು. 10 ಕಿಲೋವ್ಯಾಟ್ ಸಾಗಿಸಲು 48 ವೋಲ್ಟಿನಲ್ಲಿ 208 ಆಂಪಿಯರ್ ಬೇಕು, 380 ವೋಲ್ಟಿನಲ್ಲಿ 26 ಸಾಕು. ಆದ್ದರಿಂದ ಓಣಿಗೆ 380, ಮನೆಬಾಗಿಲಲ್ಲಿ ಒಂದು ಕನ್ವರ್ಟರ್, ಒಳಗೆ 48. ಗಿರಣಿಗೆ ನೇರ 380.

ಎರಡನೆಯದು ತಂತಿ. 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಿಡಿದರೆ ಮೀಟರಿಗೆ ಸುಮಾರು 1.15 ಮಿಲಿಓಂ. 100 ಮೀಟರ್ ದೂರದಲ್ಲಿ ಶಾರ್ಟ್ ಆದರೆ ಹೋಗಿ ಬರುವ 200 ಮೀಟರಿಗೆ 0.23 ಓಂ. 380ನ್ನು ಅದರಿಂದ ಭಾಗಿಸಿದರೆ 1650 ಆಂಪಿಯರ್. ಇದು ಕೊನೆಗೆ ತಲುಪುವ ಮಟ್ಟ. ಎಷ್ಟು ಬೇಗ ತಲುಪುತ್ತದೆ ಅನ್ನುವುದು ಕೇಬಲ್ಲಿನ ಇಂಡಕ್ಟೆನ್ಸ್ ಮೇಲೆ ನಿಂತಿದೆ. ಆ ಉದ್ದಕ್ಕೆ 65 ಮೈಕ್ರೊಹೆನ್ರಿ ಅಂದುಕೊಂಡರೆ ಕರೆಂಟು ಮೈಕ್ರೊಸೆಕೆಂಡಿಗೆ 5.8 ಆಂಪಿಯರಿನಂತೆ ಏರಲು ಶುರುಮಾಡುತ್ತದೆ, ಒಂದೇ ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಏರಿಬಿಡುತ್ತದೆ. ಎಸಿಯ ಬ್ರೇಕರ್ ತನ್ನ ಮೊದಲ ಸೊನ್ನೆಗಾಗಿ ಕಾಯುತ್ತಾ ಕೂರುವ 10 ಮಿಲಿಸೆಕೆಂಡಿನಲ್ಲಿ ಇಲ್ಲಿ ಕಥೆ ಮುಗಿದಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಕೋಣೆಯ ಹತ್ತಿರವೇ ಆಗುವ ಶಾರ್ಟ್. ಕನ್ವರ್ಟರ್‌ಗಳ ವೋಲ್ಟೇಜು ಅಲುಗಾಡದಂತೆ ಹಿಡಿಯಲು ಬಸ್‌ಬಾರಿಗೆ ಕೆಪಾಸಿಟರ್ ಹಾಕಲೇಬೇಕು. 5000 ಮೈಕ್ರೊಫ್ಯಾರಡ್ ಹಾಕಿದೆವು ಅಂದುಕೊಳ್ಳಿ. ಅದರಲ್ಲಿ 380 ವೋಲ್ಟಿಗೆ 361 ಜೂಲ್ ಶಕ್ತಿ ಕೂತಿರುತ್ತದೆ. ಹತ್ತೇ ಮೀಟರ್ ದೂರದಲ್ಲಿ ಶಾರ್ಟ್ ಆದರೆ, ಕೆಪಾಸಿಟರಿನ ಒಳರೋಧ ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಕಾಲು ಮಿಲಿಸೆಕೆಂಡಿನೊಳಗೆ ಕರೆಂಟು ಆರೇಳು ಸಾವಿರ ಆಂಪಿಯರಿಗೆ ಹಾರುತ್ತದೆ. ಆಮೇಲೆ ವೋಲ್ಟೇಜು ಉಲ್ಟಾ ತಿರುಗಿ ಆ ಕರೆಂಟು ಕನ್ವರ್ಟರಿನ ಡಯೋಡುಗಳ ಮೂಲಕ ಹರಿಯಲು ನೋಡುತ್ತದೆ. ಡಯೋಡ್ ಸುಟ್ಟರೆ ಕನ್ವರ್ಟರ್ ಹೋಯಿತು. ಬ್ಯಾಟರಿಯೂ ಸುಮ್ಮನಿರುವುದಿಲ್ಲ. 3.2 ವೋಲ್ಟಿನ 120 ಸೆಲ್ ಸಾಲಾಗಿ ಜೋಡಿಸಿ, ಸೆಲ್ಲಿಗೆ ಒಂದು ಮಿಲಿಓಂ ಅಂತ ಹಿಡಿದರೂ ಅದು 3200 ಆಂಪಿಯರ್ ಕೊಡಬಲ್ಲದು. ಕೆಪಾಸಿಟರ್ ಒಮ್ಮೆ ಖಾಲಿಯಾದರೆ ಮುಗಿಯಿತು. ಬ್ಯಾಟರಿ ಕೊಡುತ್ತಲೇ ಇರುತ್ತದೆ, ಅದನ್ನು ಆಫ್ ಮಾಡುವ ಗುಂಡಿ ರಸಾಯನದಲ್ಲಿ ಇಲ್ಲ. ಹಾಗಾಗಿ ನಮ್ಮ ನಕ್ಷೆಯಲ್ಲಿ ಮೊದಲು ಬರೆದದ್ದು ಬ್ಯಾಟರಿಯ ಟರ್ಮಿನಲ್ಲಿಗೆ ಅಂಟಿಕೊಂಡೇ ಇರುವ ಡಿಸಿ ಫ್ಯೂಸ್. ಟರ್ಮಿನಲ್ಲಿಗೂ ಫ್ಯೂಸಿಗೂ ನಡುವಿನ ಒಂದಡಿ ತಂತಿಗೆ ಕಾವಲು ಯಾರೂ ಇಲ್ಲ, ಅದಕ್ಕೇ ಆ ಒಂದಡಿಯನ್ನೂ ಇಲ್ಲದಂತೆ ಮಾಡಬೇಕು.

ಬಿಸಿಲಿನ ಶಾರ್ಟ್ ಕಾಣುವುದೇ ಇಲ್ಲ

ಇಲ್ಲಿವರೆಗಿನದು ಅತಿಯಾದ ಕರೆಂಟಿನ ಕಾಟ. ಈಗ ಉಲ್ಟಾ ಕಾಟ ನೋಡ್ರಿ. ಸೋಲಾರ್ ಪ್ಯಾನೆಲ್ಲನ್ನು ನೇರವಾಗಿ ಶಾರ್ಟ್ ಮಾಡಿದರೆ ಅದು ಮಾಮೂಲಿಗಿಂತ ಸ್ವಲ್ಪವೇ ಹೆಚ್ಚು ಕರೆಂಟು ಕೊಡುತ್ತದೆ. 13 ಆಂಪಿಯರಿನ ಪ್ಯಾನೆಲ್ 14 ಕೊಟ್ಟೀತು. 16 ಆಂಪಿಯರಿನ ಫ್ಯೂಸ್ ಅದನ್ನು ಗಮನಿಸುವುದೇ ಇಲ್ಲ. ಮೋಡದ ದಿನವಾದರೆ ಶಾರ್ಟ್‌ನ ಕರೆಂಟು ಬಿಸಿಲಿನ ದಿನದ ಕೆಲಸದ ಕರೆಂಟಿಗಿಂತಲೂ ಕಮ್ಮಿ. ಎಲೆಕ್ಟ್ರಾನಿಕ್ ಕನ್ವರ್ಟರ್ ಕೂಡ ಹೀಗೇ. ತನ್ನ ಟ್ರಾನ್ಸಿಸ್ಟರ್‌ಗಳನ್ನು ಉಳಿಸಿಕೊಳ್ಳಲು ಒಂದೂಕಾಲು ಪಟ್ಟು, ಒಂದೂವರೆ ಪಟ್ಟಿಗೆ ಮಿತಿ ಹಾಕಿಕೊಂಡು ವೋಲ್ಟೇಜನ್ನೇ ಕೆಳಗೆ ಬಿಡುತ್ತದೆ.

ಇದರ ಪರಿಣಾಮ ಯೋಚಿಸಿ. ರಾತ್ರಿ ಬ್ಯಾಟರಿ ದುರಸ್ತಿಗೆ ತೆಗೆದಿದ್ದಾರೆ, ರೆಕ್ಟಿಫೈಯರ್ ಒಂದೇ ಓಣಿಯನ್ನು ನಡೆಸುತ್ತಿದೆ. ಒಂದು ಮನೆಯ ಬಾಗಿಲಲ್ಲಿ ಶಾರ್ಟ್. ರೆಕ್ಟಿಫೈಯರ್ 32 ಆಂಪಿಯರಿಗೆ ಮಿತಿ ಹಾಕಿ ಕೂತುಬಿಡುತ್ತದೆ. ಆ ಮನೆಯ 16 ಆಂಪಿಯರಿನ ಫ್ಯೂಸಿಗೆ 32 ಆಂಪಿಯರ್ ಅಂದರೆ ಆರಾಮಾಗಿ ಕಾಯುವ ವಿಷಯ, ತಕ್ಷಣ ಹೋಗುವುದಿಲ್ಲ. ಅಷ್ಟರಲ್ಲಿ ಓಣಿಯ ವೋಲ್ಟೇಜು ನೆಲಕಚ್ಚಿ ಎಲ್ಲರ ಮನೆಯೂ ಕತ್ತಲು. ಒಬ್ಬರ ಮನೆಯ ತಂತಿಗೆ ಹನ್ನೆರಡು ಮನೆಗೆ ದಂಡ. ಎಸಿಯಲ್ಲಿ ಟಿಸಿ ಹಿಂದೆ ಇಡೀ ಗ್ರಿಡ್ಡಿನ ಬಲ ಇರುತ್ತದೆ, ಫ್ಯೂಸನ್ನು ಅದು ಒದ್ದು ಹಾರಿಸುತ್ತದೆ. ಇಲ್ಲಿ ಒದೆಯುವವರು ಬೇಕಲ್ಲ?

ಆ ಕೆಲಸಕ್ಕೆ ಬರುವುದು, ಈಗಷ್ಟೇ ನಾವು ಬೈದ ಅದೇ ಕೆಪಾಸಿಟರ್. ಫ್ಯೂಸ್ ಕರಗಲು ಬೇಕಾದದ್ದು ಕರೆಂಟಿನ ವರ್ಗವನ್ನು ಕಾಲದಿಂದ ಗುಣಿಸಿದ ಮೊತ್ತ. ಇಂಥ ಸಣ್ಣ ಫ್ಯೂಸಿಗೆ ನಾವು 300 ಅಂತ ಹಿಡಿದೆವು. ಕೆಪಾಸಿಟರಿನ 361 ಜೂಲ್ ಪೂರ್ತಿ ತಂತಿಯಲ್ಲೇ ಕರಗಿದರೆ ಈ ಮೊತ್ತ ಎಷ್ಟು ಬರುತ್ತದೆ ಅಂತ ಕಂಡುಹಿಡಿಯುವುದು ಸುಲಭ, ಶಕ್ತಿಯನ್ನು ರೋಧದಿಂದ ಭಾಗಿಸಿದರೆ ಆಯಿತು. ಟೊಂಗೆಯ 0.23 ಓಂ ಜೊತೆಗೆ ಮನೆಗೆ ಎಳೆದ 20 ಮೀಟರ್ ಸಣ್ಣ ತಂತಿಯ 0.18 ಸೇರಿಸಿ 0.41. ಭಾಗಿಸಿದರೆ 880. ಬೇಕಾದದ್ದು 300, ಇರುವುದು 880. ಅಂದರೆ ಬ್ಯಾಟರಿ ಇಲ್ಲದಿದ್ದರೂ, ಬಿಸಿಲು ಇಲ್ಲದಿದ್ದರೂ, ಕೆಪಾಸಿಟರ್ ಒಂದೇ ಕೆಲವೇ ಮಿಲಿಸೆಕೆಂಡಿನಲ್ಲಿ ಕೊನೆಯ ಮನೆಯ ಫ್ಯೂಸನ್ನು ಹಾರಿಸುತ್ತದೆ. ನಮಗೆ ಈ ಲೆಕ್ಕ ಬಂದಾಗ ಖುಷಿಯೇ ಆಯಿತು. ಹತ್ತಿರದ ಶಾರ್ಟ್‌ಗೆ ಅಪಾಯ ಅಂತ ಕೆಪಾಸಿಟರ್ ಸಣ್ಣದು ಮಾಡಿದರೆ ದೂರದ ಶಾರ್ಟ್‌ಗೆ ಫ್ಯೂಸ್ ಹೋಗುವುದಿಲ್ಲ. ದೊಡ್ಡದು ಮಾಡಿದರೆ ಡಯೋಡ್ ಉಳಿಯುವುದಿಲ್ಲ. ಕೆಪಾಸಿಟರನ್ನು ಪವರ್ ಎಲೆಕ್ಟ್ರಾನಿಕ್ಸ್ ಹುಡುಗರು ಆರಿಸಿ, ಫ್ಯೂಸನ್ನು ಆಮೇಲೆ ಬೇರೆ ಯಾರೋ ಆರಿಸುವ ರೂಢಿ ಡಿಸಿ ಜಾಲದಲ್ಲಿ ನಡೆಯುವುದಿಲ್ಲ. ಇಬ್ಬರೂ ಒಂದೇ ಟೇಬಲ್ಲಿನ ಮುಂದೆ ಕೂರಬೇಕು.

ಜೊತೆಗೆ ಪ್ರತಿ ಮನೆಯ ಬಾಗಿಲಲ್ಲಿ ಒಂದು ಡಯೋಡ್. ಪಕ್ಕದ ಮನೆಯಲ್ಲಿ ಶಾರ್ಟ್ ಆದರೆ ನಮ್ಮ ಮನೆಯ ಕನ್ವರ್ಟರಿನ ಕೆಪಾಸಿಟರ್ ಹಿಂದಕ್ಕೆ ಹರಿದು ಅದಕ್ಕೆ ಉಣಿಸಬಾರದು, ಆ ಕೆಲವು ಮಿಲಿಸೆಕೆಂಡು ನಮ್ಮ ಬಲ್ಬನ್ನು ಉಳಿಸಿಕೊಳ್ಳಬೇಕು.

ಲೋಡಿಗೂ ಫಾಲ್ಟ್‌ಗೂ ವ್ಯತ್ಯಾಸ ಹೇಗೆ ತಿಳಿಯಬೇಕು ಅನ್ನುವುದಕ್ಕೆ ಬೆಂಗಳೂರಿನ ಮೆಟ್ರೊ ಒಳ್ಳೆಯ ಉದಾಹರಣೆ. 2011ರ ಅಕ್ಟೋಬರಿನಲ್ಲಿ ಶುರುವಾದ ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ಡಿಸಿಯಲ್ಲಿ, ಮೂರನೇ ಹಳಿಯ ಮೂಲಕ. ಇಂಥ ವ್ಯವಸ್ಥೆಗಳಲ್ಲಿ ನಿಲ್ದಾಣದಿಂದ ಹೊರಡುವ ರೈಲು ಎಳೆಯುವ ಕರೆಂಟು, ದೂರದಲ್ಲಾದ ಶಾರ್ಟ್‌ನ ಕರೆಂಟಿಗಿಂತ ಹೆಚ್ಚೇ ಇರಬಹುದು. ಬರೀ ಎಷ್ಟು ಆಂಪಿಯರ್ ಅಂತ ನೋಡಿದರೆ ಬ್ರೇಕರ್ ಮೋಸ ಹೋಗುತ್ತದೆ. ಆದ್ದರಿಂದ ಡಿಸಿ ರೈಲಿನ ರಿಲೇಗಳು ಕರೆಂಟು ಏರುವ ವೇಗವನ್ನು ನೋಡುತ್ತವೆ. ರೈಲು ಮೆಟ್ಟಿಲು ಹತ್ತಿದಂತೆ ಏರುತ್ತದೆ, ಶಾರ್ಟ್ ಗೋಡೆ ಹಾರಿದಂತೆ. ನಮ್ಮ ಓಣಿಯಲ್ಲಿ ರೈಲಿನ ಪಾತ್ರ ಗಿರಣಿಯದು. ಗಿರಣಿಯ ಟೊಂಗೆಗೆ ಮಾತ್ರ ಈ ಬಗೆಯ ರಿಲೇ ಇಟ್ಟೆವು. ಉಳಿದ ಎರಡಕ್ಕೆ ಅಷ್ಟು ಖರ್ಚು ಬೇಡ ಅನ್ನಿಸಿತು.

ಸಡಿಲ ಜೋಡಣೆಯಲ್ಲಿ, ಇಲಿ ಕಡಿದ ತಂತಿಯಲ್ಲಿ ಹುಟ್ಟುವ ಆರ್ಕ್ ಇನ್ನೊಂದು ಬಗೆಯ ಫಾಲ್ಟ್. ಅದು ಕರೆಂಟನ್ನು ಹೆಚ್ಚಿಸುವ ಬದಲು ಕಮ್ಮಿ ಮಾಡುತ್ತದೆ, ಯಾವ ಫ್ಯೂಸಿಗೂ ಸಿಗುವುದಿಲ್ಲ. ಅದರ ಗದ್ದಲವನ್ನು ಗುರುತಿಸುವ ಉಪಕರಣಗಳು ಇವೆ, ಆದರೆ ಕನ್ವರ್ಟರಿನ ಗದ್ದಲಕ್ಕೂ ಅವು ಬೆದರುತ್ತವೆ. ನಮ್ಮ ಮಟ್ಟಿಗೆ ಸರಿಯಾಗಿ ಕ್ರಿಂಪ್ ಮಾಡಿದ ಜೋಡಣೆ, ಪೈಪಿನೊಳಗಿನ ಕೇಬಲ್, ವರ್ಷಕ್ಕೊಮ್ಮೆ ಬಿಗಿ ನೋಡುವ ಕೈ, ಇಷ್ಟೇ.

ನೆಲದ ಪ್ರಶ್ನೆ

ಅರ್ಥಿಂಗ್ ವಿಷಯದಲ್ಲಿ ನಾವು ಹೆಚ್ಚು ಹೊತ್ತು ಜಗಳವಾಡಿದ್ದೇವೆ. ಮೈನಸನ್ನು ನೇರ ನೆಲಕ್ಕೆ ಕಟ್ಟಿದರೆ ಪ್ಲಸ್ ಎಲ್ಲಿ ನೆಲ ಮುಟ್ಟಿದರೂ ದೊಡ್ಡ ಕರೆಂಟು ಹರಿದು ಫ್ಯೂಸ್ ಹೋಗುತ್ತದೆ, ಗುರುತಿಸುವುದು ಸುಲಭ. ಆದರೆ ಡಿಸಿ ನೆಲದಲ್ಲಿ ಹರಿದರೆ ಕಬ್ಬಿಣವನ್ನು ತಿನ್ನುತ್ತದೆ. ಫ್ಯಾರಡೆಯ ನಿಯಮದ ಪ್ರಕಾರ ಒಂದು ಆಂಪಿಯರ್ ಡಿಸಿ ಒಂದು ವರ್ಷ ಹರಿದರೆ ಸುಮಾರು 9 ಕಿಲೋ ಕಬ್ಬಿಣ ಕರಗುತ್ತದೆ. ನೀರಿನ ಪೈಪು, ಬೋರ್‌ವೆಲ್ ಕೇಸಿಂಗ್, ಹೊಸ ಮನೆಯ ಪಾಯದ ಸರಳು, ಕರೆಂಟು ಎಲ್ಲಿಂದ ಮಣ್ಣಿಗೆ ಇಳಿಯುತ್ತದೋ ಅಲ್ಲಿ ಸವೆತ. ಡಿಸಿ ಮೆಟ್ರೊಗಳಲ್ಲಿ ಹಳಿಯನ್ನು ನೆಲದಿಂದ ಬೇರ್ಪಡಿಸಿ ಕೂರಿಸಲು ಅಷ್ಟು ಕಷ್ಟಪಡುವುದು ಇದೇ ಭಯಕ್ಕೆ.

ಆದ್ದರಿಂದ ನಾವು ನಡುಬಿಂದುವಿನ ದಾರಿ ಹಿಡಿದೆವು. ನೆಲಕ್ಕೆ ಹೋಲಿಸಿದರೆ ಒಂದು ತಂತಿ ಪ್ಲಸ್ 190, ಇನ್ನೊಂದು ಮೈನಸ್ 190. ನಡುವಿನ ಬಿಂದುವನ್ನು 10 ಕಿಲೋಓಂ ರೋಧದ ಮೂಲಕ ನೆಲಕ್ಕೆ ಕಟ್ಟಿದೆವು. ಒಂದು ತಂತಿ ನೆಲ ಮುಟ್ಟಿದರೆ ಹರಿಯುವುದು 19 ಮಿಲಿಆಂಪಿಯರ್ ಮಾತ್ರ. ಫ್ಯೂಸ್ ಹೋಗುವುದಿಲ್ಲ, ದೀಪ ಆರುವುದಿಲ್ಲ, ಕೋಣೆಯಲ್ಲಿ ಅಲಾರ್ಮ್ ಹೊಡೆಯುತ್ತದೆ. ಹಾಗೇ ವರ್ಷ ಬಿಟ್ಟರೆ ಆ 19 ಮಿಲಿಆಂಪಿಯರೂ 170 ಗ್ರಾಂ ಕಬ್ಬಿಣ ತಿನ್ನುತ್ತದೆ, ಅದು ಚಿಕ್ಕ ಮಾತು. ದೊಡ್ಡ ಮಾತು ಇದು: ಮೊದಲ ಫಾಲ್ಟ್ ಆದ ಮೇಲೆ ಮೇಲಿನ ತಂತಿ ನೆಲಕ್ಕೆ ಅಂಟಿಕೊಂಡಿತು ಅಂದರೆ ಕೆಳಗಿನ ತಂತಿಗೂ ನೆಲಕ್ಕೂ ನಡುವೆ 190 ಹೋಗಿ ಪೂರ್ತಿ 380 ಬಂದುಬಿಡುತ್ತದೆ. ಮೊದಲು ಯಾರಾದರೂ ಒಂದು ತಂತಿ ಮುಟ್ಟಿದ್ದರೆ ಆ 10 ಕಿಲೋಓಂ ಅವರನ್ನು ಕಾಯುತ್ತಿತ್ತು. ಈಗ ಕಾಯುವುದಿಲ್ಲ. ಡಿಸಿ ಎಸಿಗಿಂತ ಮೆದು ಅನ್ನುವ ಮಾತು ಕೇಳಿರುತ್ತೀರಿ. ಹೃದಯದ ಬಡಿತ ತಪ್ಪಿಸಲು ಡಿಸಿಗೆ ಹೆಚ್ಚು ಕರೆಂಟು ಬೇಕು ಅನ್ನುವುದು ನಿಜ, ಆದರೆ 380 ವೋಲ್ಟಿನ ಎದುರು ಆ ಸಮಾಧಾನ ಸಾಲುವುದಿಲ್ಲ. ಎರಡನೆಯ ಫಾಲ್ಟ್ ಮನುಷ್ಯನ ಕೈಯೇ ಆಗಿರಬಹುದು. ಅಲಾರ್ಮ್ ಹೊಡೆದಾಗ "ಕರೆಂಟ್ ಐತಲ್ಲ, ನಾಳೆ ನೋಡೋಣ" ಅನ್ನುವ ಹಾಗಿಲ್ಲ. ನಾವು ಅಲಾರ್ಮಿಗೆ ಒಂದು ಗಡುವು ಇಟ್ಟೆವು: ಆರು ಗಂಟೆಯಲ್ಲಿ ಯಾರೂ ಬಂದು ನೋಡದಿದ್ದರೆ ಆ ಟೊಂಗೆ ತಾನೇ ಆಫ್ ಆಗಬೇಕು. ಈ ಆರು ಗಂಟೆ ಲೆಕ್ಕದಿಂದ ಬಂದದ್ದಲ್ಲ, ಊರಿನ ಸ್ವಭಾವ ನೋಡಿ ಬರೆದದ್ದು.

ಕೋಲಾರದವರು ಏನು ಮಾಡುತ್ತಾರೆ?

ನಮ್ಮ ರಾಜ್ಯದಲ್ಲೇ ದೊಡ್ಡ ಡಿಸಿ ಒಂದು ಇದೆ. 2003ರಲ್ಲಿ ಶುರುವಾದ ತಾಲ್ಚೇರ್–ಕೋಲಾರ ಮಾರ್ಗ ಒಡಿಶಾದಿಂದ ಸುಮಾರು 1370 ಕಿ.ಮೀ. ಬಂದು ಕೋಲಾರದಲ್ಲಿ ಇಳಿಯುತ್ತದೆ. ಪ್ಲಸ್ 500 ಕಿಲೋವೋಲ್ಟಿನ ಒಂದು ಪೋಲ್, ಮೈನಸ್ 500ರ ಇನ್ನೊಂದು. ಮೊದಲು 2000 ಮೆಗಾವ್ಯಾಟ್ ಇತ್ತು, ಮುಂದೆ 2500ಕ್ಕೆ ಏರಿಸಿದರು. 1902ರಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ದೂರದ ಎಸಿ ತಂತಿ ಬಂದು ನಿಂತದ್ದು ಇದೇ ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ. ನೂರು ವರ್ಷದ ಮೇಲೆ ಡಿಸಿ ಬಂದು ನಿಂತದ್ದೂ ಅಲ್ಲೇ.

ಆ 1370 ಕಿ.ಮೀ. ತಂತಿಗೆ ಸಿಡಿಲು ಬಡಿದರೆ, ಮರ ತಾಗಿದರೆ ಕಡಿಯುವವರು ಯಾರು? ಡಿಸಿ ಬ್ರೇಕರ್ ಅಲ್ಲ. ಇದು ಥೈರಿಸ್ಟರ್ ಕನ್ವರ್ಟರ್‌ಗಳ ಮಾರ್ಗ, ಕನ್ವರ್ಟರೇ ಬ್ರೇಕರ್. ಫಾಲ್ಟ್ ಆದ ಜಾಗದಿಂದ ತಂತಿಯ ಉದ್ದಕ್ಕೂ ಹೊರಡುವ ಅಲೆಯನ್ನು ತುದಿಯಲ್ಲಿ ಹಿಡಿದು, ಕಳಿಸುವ ಕಡೆಯ ಥೈರಿಸ್ಟರ್‌ಗಳ ಫೈರಿಂಗ್ ಕೋನವನ್ನು 90 ಡಿಗ್ರಿ ದಾಟಿಸಿಬಿಡುತ್ತಾರೆ. ಕರೆಂಟು ಕೊಡುತ್ತಿದ್ದ ಕನ್ವರ್ಟರ್ ತಂತಿಯಲ್ಲಿದ್ದ ಶಕ್ತಿಯನ್ನು ವಾಪಸ್ ಹೀರಲು ಶುರುಮಾಡುತ್ತದೆ. ಕರೆಂಟು ಸೊನ್ನೆಗೆ ಬಂದ ಮೇಲೆ ಸೆಕೆಂಡಿನ ಒಂದು ಭಾಗ ಸುಮ್ಮನೆ ಕಾಯುತ್ತಾರೆ, ಆರ್ಕ್ ಇದ್ದ ಜಾಗದ ಗಾಳಿ ತಣ್ಣಗಾಗಲಿ ಅಂತ. ಮತ್ತೆ ವೋಲ್ಟೇಜು ಏರಿಸಿ ನೋಡುತ್ತಾರೆ. ನಿಂತರೆ ಸರಿ, ಇಲ್ಲದಿದ್ದರೆ ಇನ್ನೊಮ್ಮೆ, ಬೇಕಾದರೆ ಕಮ್ಮಿ ವೋಲ್ಟೇಜಿನಲ್ಲಿ. ಆಗಲೂ ಆಗದಿದ್ದರೆ ಆ ಪೋಲ್ ನಿಲ್ಲಿಸುತ್ತಾರೆ. ಉಳಿದ ಪೋಲ್ ನೆಲವನ್ನೇ ವಾಪಸ್ ತಂತಿಯಾಗಿ ಬಳಸಿ ನಡೆಯಬಲ್ಲದು. ಸಾವಿರ ಮೆಗಾವ್ಯಾಟಿಗೆ ನೆಲದೊಳಗೆ 2000 ಆಂಪಿಯರ್. ಮೇಲೆ ಹೇಳಿದ ಕಬ್ಬಿಣದ ಲೆಕ್ಕ ನೆನಪಿಸಿಕೊಂಡರೆ ಅದಕ್ಕೆ ನಿಲ್ದಾಣದಿಂದ ದೂರದಲ್ಲಿ ಬೇರೆಯೇ ಎಲೆಕ್ಟ್ರೋಡ್ ಜಾಗ ಯಾಕೆ ಬೇಕು ಅಂತ ತಿಳಿಯುತ್ತದೆ.

ಆದರೆ ಕೋಲಾರದ ರಕ್ಷಣೆ ನಿಲ್ದಾಣದ ಕಾಂಪೌಂಡಿಗೆ ಮುಗಿಯುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಜೋಡಣೆಯಾಗುವ ತನಕ ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದ ಜೊತೆ ಒಂದೇ ತಾಳದಲ್ಲಿ ಇರಲಿಲ್ಲ. ಕೋಲಾರದ ಪೋಲ್ ಬಿದ್ದರೆ ದಕ್ಷಿಣದಲ್ಲಿ ಒಮ್ಮೆಲೇ ಅಷ್ಟು ವಿದ್ಯುತ್ತಿನ ಕೊರತೆ. ಅದಕ್ಕೆಂದೇ ವಿಶೇಷ ರಕ್ಷಣಾ ಯೋಜನೆ ಮಾಡಿದರು. ಪೋಲ್ ಬಿದ್ದ ಸಂದೇಶ ದಕ್ಷಿಣದ ಆಯ್ದ ಉಪಕೇಂದ್ರಗಳಿಗೆ ಹೋಗಿ ಅಲ್ಲಿನ ಲೋಡು ಕಡಿತವಾಗುತ್ತದೆ. ಯಾವ ಊರಿನ ದೀಪ ಆರಿಸಿ ಯಾವ ಊರನ್ನು ಉಳಿಸಬೇಕು ಅನ್ನುವ ಪಟ್ಟಿ ಮುಂಚೆಯೇ ಬರೆದಿಟ್ಟಿರಬೇಕು. ರಕ್ಷಣೆಯ ಯೋಜನೆ ಅಂದರೆ ಕೊನೆಗೆ ಈ ಪಟ್ಟಿಯೇ ಅಂತ ನಮಗೆ ಅನ್ನಿಸುತ್ತದೆ.

ಎರಡು ತುದಿಯ ಮಾರ್ಗಕ್ಕೆ ಈ ಉಪಾಯ ಸಾಕು, ಹೇಗೂ ಕೆಟ್ಟದ್ದು ಇರುವ ಒಂದೇ ತಂತಿ. ಹಲವು ನಿಲ್ದಾಣಗಳನ್ನು ಬಲೆಯಂತೆ ಕಟ್ಟಿದರೆ ಒಂದು ತಂತಿಯ ಫಾಲ್ಟ್‌ಗೆ ಇಡೀ ಬಲೆಯನ್ನು ಸೊನ್ನೆಗೆ ಇಳಿಸುವ ಹಾಗಿಲ್ಲ. ಅದೂ ಅಲ್ಲದೆ ಬಲೆಗೆ ಒಗ್ಗುವ ಹೊಸ ಬಗೆಯ ವೋಲ್ಟೇಜ್ ಸೋರ್ಸ್ ಕನ್ವರ್ಟರ್‌ಗಳಲ್ಲಿ ಡಯೋಡ್‌ಗಳಿವೆ. ಸಾಮಾನ್ಯ ಜೋಡಣೆಯಲ್ಲಿ ಟ್ರಾನ್ಸಿಸ್ಟರ್ ಆಫ್ ಮಾಡಿದರೂ ಎಸಿ ಕಡೆಯಿಂದ ಡಯೋಡ್ ಮೂಲಕ ಫಾಲ್ಟ್‌ಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಅಲ್ಲಿ ನಿಜವಾದ ಡಿಸಿ ಬ್ರೇಕರ್ ಬೇಕು. ಎಬಿಬಿ ಕಂಪನಿ 2012ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿತು: ಮಾಮೂಲಿ ದಿನ ಕರೆಂಟು ಯಾಂತ್ರಿಕ ಸ್ವಿಚ್ಚಿನ ದಾರಿಯಲ್ಲಿ, ಫಾಲ್ಟ್ ಬಂದರೆ ಅರೆವಾಹಕದ ದಾರಿಗೆ ವರ್ಗ, ಯಾಂತ್ರಿಕ ಸ್ವಿಚ್ ಆರ್ಕ್ ಇಲ್ಲದೆ ತೆರೆದ ಮೇಲೆ ಅರೆವಾಹಕ ಆಫ್, ಉಳಿದ ಶಕ್ತಿಯನ್ನು ಸರ್ಜ್ ಅರೆಸ್ಟರ್ ನುಂಗುತ್ತದೆ. ಎಲ್ಲಾ ಸೇರಿ 5 ಮಿಲಿಸೆಕೆಂಡು. ಚೀನಾದ ಝಾಂಗ್‌ಬೈನಲ್ಲಿ 2020ರಲ್ಲಿ ಚಾಲೂ ಆದ ನಾಲ್ಕು ನಿಲ್ದಾಣಗಳ 500 ಕಿಲೋವೋಲ್ಟ್ ಡಿಸಿ ಗ್ರಿಡ್ ಇಂಥ ಬ್ರೇಕರ್‌ಗಳ ಮೇಲೇ ನಿಂತಿದೆ.

ಮತ್ತೆ ಓಣಿಗೆ

ಓಣಿಯನ್ನೂ ಉಂಗುರದಂತೆ ಸುತ್ತಿ ಕಟ್ಟಬಹುದಿತ್ತು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಕರೆಂಟು ಬರುತ್ತಿತ್ತು. ಆದರೆ ಆಗ ಪ್ರತಿ ತುಂಡಿನ ಎರಡೂ ತುದಿಗೆ ವೇಗದ ಬ್ರೇಕರ್, ಫಾಲ್ಟ್ ಯಾವ ದಿಕ್ಕಿನಲ್ಲಿದೆ ಅಂತ ಹೇಳುವ ರಿಲೇ ಬೇಕು. 12 ಮನೆಗೆ ಅದು ಆನೆಯ ಸಾಕಣೆ. ನಾವು ಮೂರು ಟೊಂಗೆಯಲ್ಲೇ ಉಳಿದೆವು, ಕೋಲಾರದ ಉಪಾಯವನ್ನು ಚಿಕ್ಕದು ಮಾಡಿ ತಂದೆವು. ಮನೆಯ ಶಾರ್ಟ್‌ಗೆ ಮನೆಯ ಫ್ಯೂಸ್, ಅದು ಕೆಪಾಸಿಟರಿನ ಬಲದಿಂದ ಹಾರುತ್ತದೆ. ಟೊಂಗೆಯ ಕೇಬಲ್ಲೇ ಶಾರ್ಟ್ ಆದರೆ, ಬ್ಯಾಟರಿ ಜೋಡಣೆಯಲ್ಲಿದ್ದಾಗ ಅದರ ಬಲಕ್ಕೆ ಆ ಟೊಂಗೆಯ ಡಿಸಿ ಬ್ರೇಕರ್ ಬೀಳುತ್ತದೆ. ಬ್ಯಾಟರಿ ಇಲ್ಲದ ದಿನ ಯಾವ ಬ್ರೇಕರಿಗೂ ಸಾಕಷ್ಟು ಕರೆಂಟು ಸಿಗದೆ, ಬಸ್‌ಬಾರಿನ ವೋಲ್ಟೇಜು ಅರ್ಧಕ್ಕಿಂತ ಕೆಳಗೆ 20 ಮಿಲಿಸೆಕೆಂಡು ನಿಂತರೆ ಎಲ್ಲಾ ಕನ್ವರ್ಟರ್‌ಗಳೂ ತಾವೇ ನಿಲ್ಲುತ್ತವೆ. ಕರೆಂಟು ಸೊನ್ನೆ. ಸೊನ್ನೆ ಆದ ಮೇಲೆ ಟೊಂಗೆಗಳನ್ನು ಬಿಡಿಸಲು ದುಬಾರಿ ಬ್ರೇಕರ್ ಬೇಕಿಲ್ಲ, ಸಾದಾ ಕಾಂಟ್ಯಾಕ್ಟರ್ ಸಾಕು. ಮೂರನ್ನೂ ಬಿಡಿಸಿ, ಸಣ್ಣ ಕರೆಂಟಿನಿಂದ ಒಂದೊಂದನ್ನೇ ಏರಿಸಿ ನೋಡಿ, ಏರದೇ ಇರುವುದನ್ನು ಬಿಟ್ಟು ಉಳಿದೆರಡನ್ನು ಜೋಡಿಸುವುದು. ಎಲ್ಲರ ಮನೆಯ ದೀಪವೂ ಒಂದರ್ಧ ಸೆಕೆಂಡು ಮಿಣುಕುತ್ತದೆ.

ಆ ಅರ್ಧ ಸೆಕೆಂಡನ್ನು ಓಣಿಯವರು ಒಪ್ಪುತ್ತಾರಾ ಅನ್ನುವುದರ ಮೇಲೆ ಉಪಕರಣದ ಪಟ್ಟಿ ನಿಂತಿದೆ. ಒಪ್ಪಿದರೆ ಕಾಂಟ್ಯಾಕ್ಟರ್, ಒಪ್ಪದಿದ್ದರೆ ಅರೆವಾಹಕ ಬ್ರೇಕರ್. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವುದನ್ನು ಕಂಡವರಿಗೆ ಇದು ದೊಡ್ಡದಲ್ಲ ಅಂತ ನಮ್ಮ ಅಂದಾಜು. ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡ ಅಜ್ಜ ಇದ್ದರೆ ಲೆಕ್ಕ ಬೇರೆ, ಆ ಮನೆಯ 48 ವೋಲ್ಟಿಗೆ ಅದರದ್ದೇ ಬ್ಯಾಟರಿ ಕೊಡಬೇಕು.

ಇನ್ನು ಉಳಿದದ್ದು ಫ್ಯೂಸ್ ಹಾಕುವವರ ವಿಷಯ. ಎಸಿ ಫ್ಯೂಸ್ ಹೋದರೆ ತಾಮ್ರದ ಎಳೆ ಕಟ್ಟಿ ನಡೆಸುವ ರೂಢಿ ನಮ್ಮ ಕಡೆ ಎಲ್ಲರಿಗೂ ಗೊತ್ತು. 380 ವೋಲ್ಟ್ ಡಿಸಿಯಲ್ಲಿ ಆ ಎಳೆ ಕರಗಿದರೂ ಆರ್ಕ್ ಆರದೆ ಹೋಲ್ಡರನ್ನೇ ಸುಡುತ್ತದೆ. ಮರಳು ತುಂಬಿದ ಡಿಸಿ ಫ್ಯೂಸೇ ಬೇಕು. ಅದಕ್ಕೆ ನಾವು ಹೋಲ್ಡರನ್ನು ಕೊಳವೆ ಆಕಾರದ ಫ್ಯೂಸ್ ಮಾತ್ರ ಕೂರುವಂಥದ್ದು, ಎಳೆ ಕಟ್ಟಲು ಸ್ಕ್ರೂ ಇಲ್ಲದ್ದು ಆರಿಸಿದೆವು. ಮುಚ್ಚಳ ತೆಗೆದ ಕೂಡಲೇ ಟೊಂಗೆ ಆಫ್ ಆಗುವ ಒಂದು ಸಣ್ಣ ಸ್ವಿಚ್ಚೂ ಇದೆ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಇಪ್ಪತ್ತು ಫ್ಯೂಸಿನ ಡಬ್ಬಿ ಒಂದು ಇರಬೇಕು ಅಂತಲೂ ನಕ್ಷೆಯ ಅಂಚಿನಲ್ಲಿ ಬರೆದಿದ್ದೇವೆ.